ಶಾಡೂ ಮಣ್ಣಿನ ಮಾರಿಷಸ್

ಕಳೆದ ವಾರ ಒಂದು ದಾಖಲೆ ಪತ್ರಕ್ಕಾಗಿ ಬೇಲಾಪುರದ ಸರಕಾರಿ ಕಚೇರಿಗೆ ಹೋಗಬೇಕಾಯಿತು. ಕೌಂಟರಿನವರು ಊಟಕ್ಕೆ ಎದ್ದಿದ್ದರು, ಒಂದು ಗಂಟೆ ಕಾಯಿರಿ ಎಂದರು. ಕಟ್ಟಡದ ಹಿಂದುಗಡೆ ಬಂದೆ. ರಸ್ತೆ ಮಾಡಲು ಗುಡ್ಡವನ್ನು ಕಡಿದ ಜಾಗ ಅಲ್ಲಿದೆ. ಬೆಳಗಿನ ಮಳೆ ನಿಂತು ಬಿಸಿಲು ಬಿದ್ದಿತ್ತು, ಕಪ್ಪು ಬಂಡೆಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಕಾದ ಹೆಂಚಿಗೆ ನೀರು ಚಿಮುಕಿಸಿದರೆ ಬರುತ್ತದಲ್ಲ, ಆ ವಾಸನೆ. ನನಗೆ ಗೊತ್ತಿಲ್ಲದೆಯೇ ಅಂಗೈ ಬಂಡೆಯ ಮೇಲೆ ಹೋಯಿತು, ಕಣ್ಣು ಮುಚ್ಚಿತು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಸೆಕ್ಯುರಿಟಿಯವನು "ಮ್ಯಾಡಮ್, ತಬಿಯತ್ ಠೀಕ್ ಹೈ ನಾ?" ಎಂದು ಕೇಳಿದ. ಸರಿಯಾಗಿದ್ದೇನೆ ಎಂದೆ. ಆದರೆ ಆ ಒಂದು ಗಂಟೆ ನಾನು ಬೇಲಾಪುರದಲ್ಲಿ ಇರಲಿಲ್ಲ. ಬಂಡೆ ಮುಟ್ಟುವುದನ್ನು ನನಗೆ ಕಲಿಸಿದ ಸಿದ್ರಾಮಪ್ಪನವರ ಜೊತೆ ಕಳೆದ ಆ ಮಳೆಗಾಲದಲ್ಲಿದ್ದೆ.

ಅದು ನಾನು ಕೆಲಸ ಬಿಟ್ಟ ವರ್ಷ. ಶಾಲೆಯೊಂದರಲ್ಲಿ ಹದಿನೈದು ವರ್ಷ ಭೂಗೋಳ ಕಲಿಸಿದ್ದೆ. ಆ ವರ್ಷ ಭೂಗೋಳವನ್ನೂ ಇತಿಹಾಸದ ಟೀಚರಿಗೇ ವಹಿಸಿ, ನೀವು ಮೂರನೇ ಕ್ಲಾಸಿನ ಇಂಗ್ಲಿಷ್ ತೆಗೆದುಕೊಳ್ಳಿ ಎಂದರು. ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಟ್ಟು ಬಂದೆ. ಸಿಟ್ಟು ಇಳಿದ ಮೇಲೆ ಡೊಂಬಿವಲಿಯ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬಳೇ ಉಳಿದೆ. ನನ್ನ ಗಂಡ ಬೆಳಿಗ್ಗೆ ಏಳೂ ನಲವತ್ತರ ಲೋಕಲ್ ಹಿಡಿದರೆ ಬರುವುದು ದೀಪ ಹಚ್ಚಿದ ಮೇಲೆ. ಮೈಸೂರಿಗೆ ಫೋನ್ ಮಾಡಿದರೆ ಅಮ್ಮ, "ಇನ್ನೇನು ಮಾಡ್ತೀಯೆ ಮನೇಲಿ ಕೂತ್ಕೊಂಡು?" ಎನ್ನುತ್ತಿದ್ದಳು. 

ಸಿದ್ರಾಮಪ್ಪನವರು ನಮ್ಮ ಸೊಸೈಟಿಯ ಕೆಳಮಹಡಿಯಲ್ಲಿದ್ದರು. ವಿಜಯಪುರದ ಕಡೆಯ ಹಳ್ಳಿಯವರು. ಮೂರನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಬೇಲಾಪುರದ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ಆ ವರ್ಷವೇ ನಿವೃತ್ತರಾಗಿದ್ದರು. ಬಿಳಿ ಕೋಲು ತಟ್ಟುತ್ತ ಸ್ಟೇಷನ್ನಿಗೆ ಹೋಗುವುದನ್ನು ಎಷ್ಟೋ ಸಲ ನೋಡಿದ್ದೆ, ಮಾತಾಡಿಸಿರಲಿಲ್ಲ. ಜೂನ್ ಮೊದಲ ವಾರ ಒಂದು ಮಧ್ಯಾಹ್ನ ಅವರೇ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು.

"ಅಕ್ಕೋರ, ನೀವು ಭೂಗೋಳ ಕಲಸ್ತಿದ್ರಂತ. ಒಂದ್ ಮಾತ ಕೇಳಬೇಕಾಗಿತ್ರಿ."

ಅವರ ಸೀಮೆಯಲ್ಲಿ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಕೆಲಸ ಬಿಟ್ಟ ಮೇಲೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. "ಬನ್ನಿ ಸರ್, ಕೂತ್ಕೊಳ್ಳಿ" ಎಂದೆ.

"ಮಾರಿಷಸ್ ಅಂತ ನಡುಗಡ್ಡಿ ಐತಲ್ರಿ. ಅದರಾಗ ಏನೇನೈತ್ರಿ?"

ಯಾಕೆ ಎಂದು ಕೇಳಿದೆ. ಅವರು ಅಂಧರ ಶಾಲೆಯಲ್ಲಿದ್ದಾಗ ಅಲ್ಲೊಂದು ಉಬ್ಬುಗೋಳ ಇತ್ತಂತೆ. ಬೆಟ್ಟ ಇದ್ದಲ್ಲಿ ಉಬ್ಬು, ಸಮುದ್ರ ಇದ್ದಲ್ಲಿ ನುಣುಪು. "ಆಫ್ರಿಕಾದ ಬಲಕ್ಕ ಮಡಗಾಸ್ಕರ. ಅದರ ಬಲಕ್ಕ ಎಲ್ಲಾ ನುಣುಪು. ಆ ನುಣುಪಿನಾಗ ಒಂದ್ ಸಾಸಿವಿ ಕಾಳಿನಷ್ಟು ಗಟ್ಟಿ ಬೆರಳಿಗೆ ಹತ್ತತಿತ್ರಿ. ಮಾಸ್ತರಿಗೆ ಕೇಳಿದೆ. ಅದು ಅಚ್ಚಿನ ತಪ್ಪು, ಬಿಡಲೇ ಅಂದ್ರು. ನನಗ ಸಮಾಧಾನ ಆಗಲಿಲ್ಲ. ಕಾಲೇಜಿಗೆ ಬಂದ ಮ್ಯಾಲ ಗೊತ್ತಾತು, ಅಲ್ಲಿ ಖರೇನ ನೆಲ ಐತಿ ಅಂತ. ಅವತ್ತಿನಿಂದ ಒಮ್ಮೆ ಹೋಗಿ ಆ ನೆಲದ ಮ್ಯಾಲ ನಿಂದರಬೇಕು ಅಂತೈತ್ರಿ. ಈಗ ಟೈಮ್ ಸಿಕ್ಕೈತಿ."

ಮನೆಯಲ್ಲಿ ಯಾರಿಗೂ ಇದು ಒಪ್ಪಿಗೆ ಇರಲಿಲ್ಲ. ಹೆಂಡತಿ ಗಂಗಾಬಾಯಿ ಶ್ರೀಶೈಲಕ್ಕೆ ಹೋಗೋಣ ಎನ್ನುತ್ತಿದ್ದರು. ಐರೋಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು ಸ್ವಾತಿ ಇಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡ ತಿಳಿಯುತ್ತದೆ, ಬಾಯಲ್ಲಿ ಬರುವುದು ಮರಾಠಿ. ಅವಳು "ಬಾಬಾ, ತಿಥೇ ಜಾಊನ್ ತುಮ್ಹೀ ಕಾಯ್ ಬಘ್ಣಾರ್?" ಎಂದಿದ್ದಳಂತೆ. ಅಲ್ಲಿಗೆ ಹೋಗಿ ನೀವು ನೋಡುವುದಾದರೂ ಏನು ಎಂದು. ಟೂರಿನವರು ಒಬ್ಬರನ್ನೇ ಕರೆದೊಯ್ಯಲು ಒಪ್ಪಲಿಲ್ಲ, ಜೊತೆಗೆ ಮನೆಯವರು ಇರಲೇಬೇಕು ಎಂದರು. ಆದರೂ ಸಿದ್ರಾಮಪ್ಪನವರು ಅಲ್ಲಿಂದ ಒಂದು ಬಣ್ಣದ ಪುಸ್ತಿಕೆ ಕೇಳಿ ತಂದಿದ್ದರು. ಅದನ್ನು ನನ್ನ ಕೈಗಿತ್ತು, ಕನ್ನಡದಾಗ ಓದ್ರಿ ಎಂದರು.

ಓದಿದೆ. ಮನಮೋಹಕ ಕಡಲತೀರ, ಕಣ್ಣು ತಣಿಸುವ ಹಸಿರು, ಮರೆಯಲಾಗದ ಸೂರ್ಯಾಸ್ತ. ಮೂರು ಪುಟ ಮುಗಿದ ಮೇಲೆ ಅವರು ಹೇಳಿದರು:

"ಅಕ್ಕೋರ, ಇದರಾಗ ನಡುಗಡ್ಡಿನೇ ಇಲ್ಲಲ್ರಿ."

ಆಮೇಲೆ ಒಂದರ ಹಿಂದೊಂದು ಪ್ರಶ್ನೆ ಬಂದವು. ನೆಲ ದಂಡೆಯಿಂದ ಮೆಲ್ಲಗೆ ಏರುತ್ತದೋ, ಗೋಡೆಯ ಹಾಗೆ ನಿಂತಿದೆಯೋ? ಗಾಳಿ ಯಾವ ಕಡೆಯಿಂದ? ಕಾಲಿಗೆ ಸಿಗುವುದು ಮರಳೋ ಹರಳೋ? ನಡುವೆ ನಿಂತರೆ ಸಮುದ್ರ ಕೇಳುತ್ತದೆಯೋ ಇಲ್ಲವೋ? ನನಗೆ ಒಂದೂ ಗೊತ್ತಿರಲಿಲ್ಲ. ನಮ್ಮ ಪಾಠಪುಸ್ತಕದಲ್ಲಿ ಮಾರಿಷಸ್‌ಗೆ ಇದ್ದದ್ದು ಎರಡೇ ವಾಕ್ಯ. ಜ್ವಾಲಾಮುಖಿಯಿಂದ ಉಂಟಾದ ದ್ವೀಪ. ಮುಖ್ಯ ಬೆಳೆ ಕಬ್ಬು. ಹದಿನೈದು ವರ್ಷ ಆ ಎರಡು ವಾಕ್ಯದ ಕೆಳಗೆ ಮಕ್ಕಳಿಂದ ಗೆರೆ ಎಳೆಸಿದ್ದೆ. "ನಂಗೆ ಗೊತ್ತಿಲ್ಲ ಸರ್, ಓದಿ ಹೇಳ್ತೀನಿ" ಎಂದೆ. ಅವರು ಹೋದ ಮೇಲೆ ಹಳೆಯ ನಕ್ಷೆಪುಸ್ತಕ ಹುಡುಕಿ ತೆಗೆದೆ. ಅವತ್ತು ಸಂಜೆ ಅಡುಗೆ ತಡವಾಯಿತು.

ಒಂದು ವಾರ ಓದಿದೆ. ನಕ್ಷೆ, ಎತ್ತರದ ಗೆರೆಗಳು, ಗಾಳಿ ಬೀಸುವ ದಿಕ್ಕಿನ ಚಿತ್ರ. ಓದುತ್ತಾ ಓದುತ್ತಾ ಒಂದು ಕಡೆ ನಿಂತುಬಿಟ್ಟೆ. ನಮ್ಮ ಸಹ್ಯಾದ್ರಿಯ ಕರಿಬಂಡೆಯನ್ನು ಕೋಟ್ಯಂತರ ವರ್ಷದ ಹಿಂದೆ ಕಕ್ಕಿದ ಬೆಂಕಿಯೂ ಆಮೇಲೆ ಮಾರಿಷಸ್ಸನ್ನು ಕಡಲಿನಿಂದ ಎತ್ತಿದ ಬೆಂಕಿಯೂ ಒಂದೇ ಎಂದು ವಿಜ್ಞಾನಿಗಳು ಹೇಳುತ್ತಾರೆ. ಕಾಲೇಜಿನಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಡೊಂಬಿವಲಿಯ ನಮ್ಮ ಕಟ್ಟಡದ ಅಡಿಪಾಯದ ಕಲ್ಲೂ ಅದೇ ಎಂದು ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

ಕೆಳಗೆ ಹೋಗಿ ಸಿದ್ರಾಮಪ್ಪನವರಿಗೆ ಹೇಳಿದೆ. ಅವರು ಎದ್ದು ನಿಂತರು. "ಹಂಗಾರ ಮೊದಲ ಆ ಕಲ್ಲ ಮುಟ್ಟಿಸ್ರಿ."

ಮರುದಿನ ಹೊರಟೆವು. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಅಂಗವಿಕಲರ ಬೋಗಿ ನಿಲ್ಲುವ ಜಾಗದಲ್ಲಿ ಒಂದು ಯಂತ್ರ ಟೀಂ ಟೀಂ ಎನ್ನುತ್ತಿರುತ್ತದೆ. ಅಷ್ಟು ವರ್ಷ ಆ ಸ್ಟೇಷನ್ನಿನಲ್ಲಿ ಓಡಾಡಿದ್ದರೂ ಅದು ಯಾಕೆ ಎಂದು ನಾನು ಯೋಚಿಸಿರಲಿಲ್ಲ. ಅವರು ಆ ಸದ್ದಿನ ಕೆಳಗೆ ನೇರ ಹೋಗಿ ನಿಂತರು. ಠಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿದೆವು. ಎಡಗಡೆ ಪಾರಸಿಕ್ ಗುಡ್ಡ ನಮ್ಮ ಜೊತೆಗೇ ಬರುತ್ತಿದೆ ಎಂದೆ. ಅವರು ನಕ್ಕರು. "ಮೊದಲ ಫಾಸ್ಟ್ ಗಾಡಿ ಈ ಗುಡ್ಡದ ಸುರಂಗದಾಗಿಂದ ಹೋಗತಿತ್ರಿ. ಕಿವಿ ಗಪ್ಪ ಅಂತ ಮುಚ್ಚತಿತ್ತು. ಎಷ್ಟ ವರ್ಷ ಇದರ ಹೊಟ್ಟ್ಯಾಗಿಂದ ಹಾದೇನಿ, ಹೊರಗಿಂದ ಒಮ್ಮೆನೂ ಮುಟ್ಟಿಲ್ಲ."

ಬೇಲಾಪುರದಲ್ಲಿ ಗುಡ್ಡ ಕಡಿದ ಜಾಗಕ್ಕೆ ಕರೆದುಕೊಂಡು ಹೋದೆ. ಅವರು ಕೋಲು ನನ್ನ ಕೈಗೆ ಕೊಟ್ಟು ಎರಡೂ ಅಂಗೈ ಬಂಡೆಗೆ ಒತ್ತಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಗೋಡೆಗೆ ಸುಣ್ಣ ಬಳಿಯುವವರ ಹಾಗೆ. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ತೂತು ತೂತು ಐತ್ರಿ. ದ್ವಾಸಿ ಮ್ಯಾಲ ಇರತಾವಲ್ಲ, ಹಂಗ."

"ಕಲ್ಲು ಕುದಿಯುವಾಗ ಒಳಗಿದ್ದ ಗಾಳಿ ಹೊರಗೆ ಹೋದ ಜಾಗ ಅದು ಸರ್."

"ಈ ತೂತಿನಾಗ ಸಕ್ಕರಿ ಹರಳ ತುಂಬಿದಂಗ ಐತಿ."

ಬಗ್ಗಿ ನೋಡಿದೆ. ತೂತುಗಳಲ್ಲಿ ಬಿಳಿಯ ಸಣ್ಣ ಹರಳು ಕೂತಿದ್ದವು. ಚಿತ್ರದಲ್ಲಿ ನೋಡಿದ್ದೆ. ನಾನೂ ಕೈಯಿಟ್ಟೆ. ಬಿಸಿಲಿನ ಕಡೆಯ ಮೈ ಬೆಚ್ಚಗಿತ್ತು, ನೆರಳಿನ ಕಡೆಯದು ತಣ್ಣಗೆ ಬೆವರುತ್ತಿತ್ತು. ನೆಲ ಬಡಗಣಕ್ಕೆ ಸರಿದದ್ದು, ಬೆಂಕಿ ಕಡಲ ಕೆಳಗೆ ಹಿಂದೆ ಉಳಿದದ್ದು, ಅದರ ಮೇಲೆ ಒಂದೊಂದಾಗಿ ನಡುಗಡ್ಡೆಗಳು ಎದ್ದದ್ದು, ಎಲ್ಲ ಹೇಳಿದೆ. ಅವರು ಇನ್ನೊಮ್ಮೆ ಅಂಗೈಯನ್ನು ಬಂಡೆಗೆ ಒತ್ತಿದರು.

"ಅಂದ್ರ ಬೆಂಕಿ ನಿಂತಲ್ಲೇ ಐತಿ. ನಾವು ದೂರ ಬಂದೇವಿ" ಎಂದರು. "ನಮ್ಮೂರ ಎರಿ ಹೊಲದ ಕೆಳಗೂ ಇದೇ ಕಲ್ಲೇನ್ರಿ?"

"ಅದೇ ಸರ್. ಈ ಕಲ್ಲು ಕರಗಿಯೇ ನಿಮ್ಮ ಕರಿಮಣ್ಣು ಆಗಿದ್ದು."

ವಾಪಸು ಬರುವಾಗ ರೈಲಿನಲ್ಲಿ ಅವರು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಲೇ ಇದ್ದರು.

ನಡುಗಡ್ಡೆಯ ಆಕಾರ ಕೈಗೆ ಸಿಗಬೇಕಾದರೆ ಒಂದು ಪ್ರತಿಕೃತಿ ಬೇಕಿತ್ತು. ಮೊದಲು ಚಪಾತಿ ಹಿಟ್ಟಿನಲ್ಲಿ ಮಾಡಿದೆ. ಮರುದಿನಕ್ಕೆ ಇರುವೆ ಮುತ್ತಿ, ಮಾರಿಷಸ್ಸಿನ ಬಡಗಣ ತೀರವೇ ಮಾಯವಾಗಿತ್ತು. ಜುಲೈ ಬಂದಿತ್ತು, ಕಲ್ಯಾಣದ ಗಣಪತಿ ಕಾರಖಾನೆಗಳಲ್ಲಿ ಕೆಲಸ ಜೋರಾಗಿತ್ತು. ಅಲ್ಲಿ ಹೋಗಿ ಮೂರ್ತಿ ಮಾಡುವ ಶಾಡೂ ಮಣ್ಣು ಒಂದು ಚೀಲ ತಂದೆ. ಬೂದು ಬಣ್ಣದ ನಯವಾದ ಮಣ್ಣು, ಹಿಡಿದಲ್ಲಿ ನಿಲ್ಲುತ್ತದೆ. ಸಿದ್ರಾಮಪ್ಪನವರ ಮನೆಯ, ಹಿಟ್ಟು ನಾದುವ ದೊಡ್ಡ ಸ್ಟೀಲ್ ಪರಾತದಲ್ಲಿ ಅದನ್ನು ಕಟ್ಟತೊಡಗಿದೆ. ನಡುವೆ ಎತ್ತರದ ಬಯಲು, ಸುತ್ತ ಹಳೆಯ ಜ್ವಾಲಾಮುಖಿಯ ಬಾಯಿ ಒಡೆದು ಉಳಿದ ಗುಡ್ಡಗಳು, ನೈಋತ್ಯದಲ್ಲಿ ಆಳವಾದ ಕಮರಿ, ಬಡಗಣಕ್ಕೆ ಇಳಿಜಾರು. ನಾನು ಕಟ್ಟಿದ್ದನ್ನು ಅವರು ಬೆರಳಲ್ಲಿ ಓದುತ್ತಿದ್ದರು. ನಾನು ಗಂಗಕ್ಕ ಎಂದು ಕರೆಯುತ್ತಿದ್ದ ಗಂಗಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನನ್ನ ಪರಾತ ಯಾವಾಗ ಕೊಡತೀರಿ?" ಎಂದು ಮಾತ್ರ ಕೇಳುತ್ತಿದ್ದರು.

ಒಂದು ದಿನ ಸಿದ್ರಾಮಪ್ಪನವರು ಮಳೆ ಎಲ್ಲಿ ಬೀಳುತ್ತದೆ ಎಂದು ಕೇಳಿದರು. ಗಾಳಿ ಆಗ್ನೇಯದಿಂದ ಬರುತ್ತದೆ, ಈ ಕಡೆಯೂ ನಡುವಿನ ಎತ್ತರದಲ್ಲೂ ಧಾರಾಳ ಮಳೆ, ಪಡುವಣ ದಂಡೆ ಮಾತ್ರ ಒಣ ಒಣ ಎಂದೆ. ಅಷ್ಟು ಸಣ್ಣ ನಡುಗಡ್ಡೆಯಲ್ಲಿ ಹಾಗೆ ಯಾಕೆ ಎಂದು ಅವರು ಒಪ್ಪಲಿಲ್ಲ. ನಾನು ವಿವರಿಸಲು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಬಾಗಿಲಿನಿಂದ ಗಂಗಕ್ಕ ಅಂದರು:

"ಅದರಾಗೇನೈತಿ? ನಮ್ಮದೂ ಹಂಗೇ ಅಲ್ಲೇನು? ಮೋಡ ಎಲ್ಲಾ ಇಲ್ಲಿ ಸಹ್ಯಾದ್ರಿಗೆ ಡಿಕ್ಕಿ ಹೊಡದು ಡೊಂಬಿವಲಿ ಮ್ಯಾಲ ಸುರೀತಾವು. ಗುಡ್ಡ ಹತ್ತಿ ಆ ಕಡೆ ಇಳಿಯೂದ್ರಾಗ ಕೈ ಖಾಲಿ. ನಮ್ಮೂರಿಗೆ ಬರೂದು ಬರೇ ಗಾಳಿ."

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು, ನಾನು ಒಂದು ಪೀರಿಯಡ್ ಪೂರ್ತಿ ತೆಗೆದುಕೊಂಡು ಹೇಳುತ್ತಿದ್ದ ಮಳೆನೆರಳಿನ ಪಾಠವನ್ನು ಮೂರು ಮಾತಿನಲ್ಲಿ ಮುಗಿಸಿದ್ದರು. ಅವತ್ತು ಮೊದಲ ಸಲ ಬಂದು ಪರಾತದ ಪಕ್ಕ ಕೂತರು.

ಇದಾಗಿ ನಾಲ್ಕೈದು ದಿನಕ್ಕೆ ಅನಾಹುತವಾಯಿತು. ಮಳೆ ಬಿಟ್ಟಿದ್ದ ಒಂದು ಬೆಳಿಗ್ಗೆ, ಕಮರಿಯಲ್ಲಿ ನೀರು ಇಳಿಯುವ ಸದ್ದು ಹೇಗಿರುತ್ತದೆ ಎಂದು ತೋರಿಸಲು ಅವರನ್ನು ಬೇಲಾಪುರದ ಹಿಂದಿನ ಗುಡ್ಡದ ಕಾಲುದಾರಿಗೆ ಕರೆದುಕೊಂಡು ಹೋದೆ. ಸಣ್ಣ ತೊರೆ ಬಂಡೆಯಿಂದ ಬಂಡೆಗೆ ಇಳಿಯುತ್ತಿತ್ತು. "ಕೈ ಬಿಡ್ರಿ ಅಕ್ಕೋರ, ಒಂದ್ ಘಳಿಗಿ ನಾ ಒಬ್ಬನೇ ನಿಂದರತೀನಿ" ಎಂದರು. ಬಿಟ್ಟೆ. ಅವರು ಮುಖ ಮೇಲೆತ್ತಿ ಕೇಳುತ್ತ ನಿಂತದ್ದು ಎಷ್ಟು ಚೆನ್ನಾಗಿತ್ತೆಂದರೆ ಫೋನ್ ತೆಗೆದು ಫೋಟೋ ಹಿಡಿಯಲು ಹೋದೆ. ಆ ಹೊತ್ತಿನಲ್ಲಿ ಅವರು ಸದ್ದಿನ ಕಡೆಗೆ ಒಂದು ಹೆಜ್ಜೆ ಇಟ್ಟರು. ಪಾಚಿಗಟ್ಟಿದ ಬಂಡೆ. ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಗೆ ಸ್ವಾತಿ ಆಫೀಸಿನಿಂದಲೇ ಬಂದಳು. ಕೂಗಾಡಲಿಲ್ಲ. "ಆಪ್ ತೋ ಟೀಚರ್ ಹೈ. ಬಾಬಾ ಕೆ ಶೌಕ್ ಕೆ ಚಕ್ಕರ್ ಮೇ ಆಪ್ ಭೀ?" ಎಂದಳು ಅಷ್ಟೆ. ಅಪ್ಪನ ಹುಚ್ಚಿಗೆ ನೀವೂ ಸೇರಿಕೊಂಡಿರಾ ಎಂದು.  ಫೋಟೋ ತೆಗೆಯುತ್ತಿದ್ದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಅದರ ನಂತರ ಎರಡು ವಾರ ಅವರ ಬಾಗಿಲ ಮುಂದೆ ಹಾಯುವಾಗ ಚಪ್ಪಲಿ ಸದ್ದಾಗದಂತೆ ನಡೆದೆ. ಕಣ್ಣಿಲ್ಲದ ಮನುಷ್ಯ ನನ್ನ ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿಯುತ್ತಾರೆ ಎಂದು ಗೊತ್ತಿತ್ತು.

ಆಗಸ್ಟಿನ ಒಂದು ಮಧ್ಯಾಹ್ನ ಗಂಗಕ್ಕ ಮೇಲೆ ಬಂದರು. ಮಂಡಿನೋವಿನವರು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ನೀರು ಕುಡಿದು ಕೇಳಿದರು.

"ಯಾಕ ಬರವಲ್ರಿ ಅಕ್ಕೋರ?"

"ಯಾವ ಮುಖ ಇಟ್ಕೊಂಡು ಬರಲಿ ಗಂಗಕ್ಕ? ನಾನು ಕೈ ಬಿಟ್ಟೆ. ಫೋನ್ ನೋಡ್ತಾ ಇದ್ದೆ."

"ಗೊತ್ತೈತಿ. ಅವರೇ ಹೇಳ್ಯಾರ. ಫೋನಿನ ಸದ್ದು ಕೇಳಿಸಿತ್ತಂತ. ಅಕ್ಕೋರು ಫೋಟೋ ತಗೀತಿದ್ರು, ನಾ ತಡೀಲಾರದ ಹೆಜ್ಜಿ ಇಟ್ಟೆ ಅಂದ್ರು." ಲೋಟ ಕೆಳಗಿಟ್ಟು ಮುಂದುವರಿಸಿದರು. "ಲಗ್ನಾಗಿ ಮೂವತ್ತೊಂದು ವರ್ಷಾತು. ದಿನಾ ಆಪೀಸಿಗೆ ಹೋದ್ರು, ಬಂದ್ರು. ಏನ್ ಕೊಟ್ರ ಅದನ್ನ ಉಂಡ್ರು. ಇದು ಬೇಕು ಅಂತ ಒಂದ್ ದಿನ ಕೇಳಿದ ಮನಶ್ಯಾ ಅಲ್ಲ. ಅವತ್ತ ಕೈ ಮುರಕೊಂಡ್ ಬಂದು, ಪ್ಲಾಸ್ಟರ್ ಹಾಕಿಸ್ಕೊಂಡು, ನೀರು ಹ್ಯಾಂಗ ಇಳೀತಿತ್ತು ಅನ್ನೂದನ್ನ ನನಗ ಅರ್ಧಾ ತಾಸು ಹೇಳಿದ್ರು. ನಕ್ಕೋತ ಹೇಳಿದ್ರು." ಸೆರಗಿನಿಂದ ಮುಖ ಒರೆಸಿಕೊಂಡರು. "ನಾ ಹೋಗತೀನ್ರಿ ಅವರ ಜೋಡಿ. ಇಮಾನ ಅಂದ್ರ ಎದಿ ಝಲ್ಲಂತೈತಿ. ಆದರೂ ಹೋಗತೀನಿ. ಅಲ್ಲಿ ಕಂಡಿದ್ದನ್ನ ಅವರಿಗೆ ಹ್ಯಾಂಗ ಹೇಳಬೇಕು, ಅಷ್ಟ ಕಲಸ್ರಿ ನನಗ."

ಹಾಗೆ ನನಗೆ ಇನ್ನೊಬ್ಬ ವಿದ್ಯಾರ್ಥಿನಿ ಸಿಕ್ಕಿದರು. ಆದರೆ ಕಲಿಸುವ ವಿದ್ಯೆ ನನಗೇ ಬರುತ್ತಿರಲಿಲ್ಲ. ಮೊದಲ ದಿನ ಕಲ್ಯಾಣದ ದುರ್ಗಾಡಿ ಕೋಟೆಯ ಮೇಲಿಂದ ಖಾಡಿಯನ್ನು, ಅಂದರೆ ಸಮುದ್ರದ ಹಿನ್ನೀರನ್ನು ತೋರಿಸಿ, ಹೇಳಿ ಗಂಗಕ್ಕ ಎಂದೆ. ಪಕ್ಕದಲ್ಲಿ ಸಿದ್ರಾಮಪ್ಪನವರು ಪ್ಲಾಸ್ಟರಿನ ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ನಿಂತಿದ್ದರು.

"ನೀರ ಐತಿ. ದೋಣಿ ಐತಿ. ಚಂದ ಐತಿ" ಎಂದರು ಗಂಗಕ್ಕ.

"ಯಾವ ಕಡೆ? ಎಷ್ಟ ದೂರ? ನೀರು ಓಡತೈತೋ ನಿಂತೈತೋ?" ಎಂದು ಸಿದ್ರಾಮಪ್ಪನವರು ಕೇಳಿದರು.

"ಅದನ್ನೆಲ್ಲಾ ಹೇಳಾಕ ನಾನೇನ್ ರೇಡಿಯೋನ?"

ಇಬ್ಬರೂ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದರು. ನಾನು ದಿಕ್ಕು, ಅಂತರ, ಎತ್ತರ ಎಂದು ಪಟ್ಟಿ ಮಾಡಿಕೊಟ್ಟೆ. ಅದೂ ನಡೆಯಲಿಲ್ಲ. ದಾರಿ ಕಂಡುಕೊಂಡವರು ಗಂಗಕ್ಕನೇ. ಗಣಪತಿ ಹಬ್ಬ ಕಳೆದ ಮೇಲೆ ಒಂದು ಸಂಜೆ ತಾರಸಿಯಲ್ಲಿ ನಿಂತು ದೂರದ ಮಲಂಗಡದ ಗುಡ್ಡ ನೋಡುತ್ತಾ ಅಂದರು: "ಏನ್ರಿ, ರೊಟ್ಟಿ ಹಿಟ್ಟು ನಾದೂಮುಂದ ನಡುವು ಮುಷ್ಟಿಲೆ ಮ್ಯಾಲೆ ಎಳದ ಬಿಟ್ರ ಹ್ಯಾಂಗ ನಿಂದರತೈತಿ, ಹಂಗೈತಿ ನೋಡ್ರಿ ಈ ಗುಡ್ಡ. ತುದಿ ಮುರದೈತಿ. ಬುಡಕ್ಕ ಮೋಡ ಕುಂತೈತಿ, ಹಾಲು ಉಕ್ಕಿ ಬೋಗಾಣಿ ಸುತ್ತ ಹರದಂಗ." ಸಿದ್ರಾಮಪ್ಪನವರು ಎಡಗೈಯನ್ನು ಗಾಳಿಯಲ್ಲಿ ಎತ್ತಿ ಆ ಆಕಾರ ಮಾಡಿದರು. ಅದು ಮಲಂಗಡವೇ ಆಗಿತ್ತು. ಅವರ ಕೈಗೆ ಗೊತ್ತಿರುವ ವಸ್ತುವಿನಿಂದ ಹೇಳಬೇಕು. ಅಷ್ಟೇ ಗುಟ್ಟು. ಅದಾದ ಮೇಲೆ ಗಂಗಕ್ಕನನ್ನು ಹಿಡಿಯುವವರೇ ಇರಲಿಲ್ಲ. ಸ್ಟೇಷನ್ನಿನ ಜನಜಂಗುಳಿ, ತರಕಾರಿ ಗಾಡಿ, ಎದುರು ಕಟ್ಟಡದ ಒಣಹಾಕಿದ ಬಟ್ಟೆ, ಎಲ್ಲವನ್ನೂ ಹೇಳತೊಡಗಿದರು. ಸ್ವಾತಿ ಒಂದು ದಿನ ಮೆಟ್ಟಿಲ ಬುಡದಲ್ಲಿ ಸಿಕ್ಕಾಗ, "ಆಈ ದಿನಭರ್ ಬೋಲತೇಯ್" ಎಂದು ನಕ್ಕಳು. ಅಮ್ಮ ದಿನವಿಡೀ ಮಾತಾಡುತ್ತಾಳೆ ಎಂದು. ಟೂರಿನ ಫಾರ್ಮು ತುಂಬಿದವಳು ಕೊನೆಗೆ ಅವಳೇ.

ನವೆಂಬರ್ ಕೊನೆಗೆ ಅವರು ಹೋದರು. ಆ ವಾರವೆಲ್ಲ ನಾನು ಅವರ ಮನೆಯ ಬೀಗದ ಮುಂದೆ ಹಾಯುವಾಗ ನಿಲ್ಲುತ್ತಿದ್ದೆ. ಈಗ ಯಾವ ದಂಡೆಯಲ್ಲಿರಬಹುದು, ಮಳೆ ಇದೆಯೋ ಇಲ್ಲವೋ. ನಾನೇ ಹೋಗಿದ್ದರೂ ಅಷ್ಟು ಕುತೂಹಲ ಇರುತ್ತಿತ್ತೋ ಇಲ್ಲವೋ.

ಬಂದ ಮರುದಿನವೇ ಕರೆ ಬಂತು. ಪರಾತದಲ್ಲಿ ಶಾಡೂ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಸಿದ್ರಾಮಪ್ಪನವರು ವಾಸಿಯಾದ ಬಲಗೈಯನ್ನು ಅದರ ಅಂಚಿಗೆ ಇಟ್ಟು ಶುರುಮಾಡಿದರು.

"ಅಕ್ಕೋರ, ಇದರಾಗ ಒಂದ್ ತಪ್ಪೈತ್ರಿ. ದಂಡಿಗೆ ಹೋಗಿ ನಿಂತೆ. ಸಮುದ್ರ ಕಾಲಾಗೈತಿ, ತಣ್ಣಗೆ, ಬಟ್ಟಲದಾಗಿನ ನೀರಿನಂಗ. ಸದ್ದು ಮಾತ್ರ ದೂರಿಂದ ಬರಾಕತ್ತಿತ್ತು. ತೆರಿ ಒಡಿಯೂದು ಇಲ್ಲಿ ಅಲ್ಲ, ಅಲ್ಲೆಲ್ಲೋ. ನನಗ ತಲೀನೇ ಕೆಟ್ಟೋತು. ಗೈಡಿಗೆ ಕೇಳಿದೆ. ಅವ ಗಾಬರಿ ಆದ. ಇದನ್ನ ಯಾರೂ ಕೇಳೂದಿಲ್ಲ ಅಂದ. ಸಮುದ್ರದೊಳಗ ಹವಳದ ಗೋಡಿ ಐತಂತ, ನಡುಗಡ್ಡಿ ಸುತ್ತ. ತೆರಿ ಅಲ್ಲೇ ಮುರೀತಾವಂತ."

ಹವಳದ ದಿಬ್ಬದ ಬಗ್ಗೆ ಓದಿದ್ದೆ, ಮಣ್ಣಿನಲ್ಲಿ ಮಾಡಲು ಮರೆತಿದ್ದೆ. ಅವರು ಗಂಗಕ್ಕನಿಂದ ಒಂದು ದಾರ ತರಿಸಿ ಮಣ್ಣಿನ ಸುತ್ತ ಬಳಸಿ ಇಟ್ಟರು. ತೆಂಕಣದಲ್ಲಿ ಒಂದು ಕಡೆ ಕತ್ತರಿಸಿದರು. "ಇಲ್ಲಿ ಗೋಡಿ ಇಲ್ರಿ. ಇಲ್ಲಿ ನಿಂತ್ರ ಸಮುದ್ರ ನೇರ ಬಂಡಿಗೆ ಹೊಡೀತೈತಿ. ಹಿಮ್ಮಡಿಯಿಂದ ಎದಿತನಕ ನಡುಕ ಬರತೈತಿ. ಒಂದೇ ಸಮುದ್ರ, ಎರಡು ಗುಣ."

ಅವರು ಹೇಳುತ್ತಾ ಹೋದರು, ಗಂಗಕ್ಕ ನಡುನಡುವೆ ಬಾಯಿ ಹಾಕುತ್ತಾ ಹೋದರು. ಪಡುವಣ ದಂಡೆಯಲ್ಲಿ ಬಿಸಿಲಿಗೆ ಬೆನ್ನು ಉರಿಯುತ್ತಿದ್ದರೆ, ಬಸ್ಸು ಏರಿ ನಡುವಿನ ಎತ್ತರಕ್ಕೆ ಹೋಗುವಷ್ಟರಲ್ಲಿ ಮಳೆ, ಚಳಿ, ಶಾಲು. ಊರ ನಡುವೆಯೇ ಒಂದು ಹಳೆಯ ಜ್ವಾಲಾಮುಖಿಯ ಬಾಯಿ, ಒಳಗೆಲ್ಲ ಮರ ಬೆಳೆದಿದೆ. ಸಿದ್ರಾಮಪ್ಪನವರು ಅದರ ಅಂಚಿನಲ್ಲಿ ನಿಂತು ಓ ಎಂದು ಕೂಗಿದ್ದರಂತೆ. "ಹೊಳ್ಳಿ ಬರಲಿಲ್ರಿ ಸದ್ದು. ಗಿಡ ನುಂಗಿದವು." ಬಣ್ಣಬಣ್ಣದ ಮಣ್ಣಿನ ದಿಬ್ಬ ಒಂದಿದೆಯಲ್ಲ, ಎಲ್ಲರೂ ಫೋಟೋ ತೆಗೆಯುವುದು, ಅದನ್ನು ಗಂಗಕ್ಕ ಹೀಗೆ ಹೇಳಿದ್ದರಂತೆ: ಅರಿಶಿಣ, ಖಾರದ ಪುಡಿ, ಗುರೆಳ್ಳ ಚಟ್ನಿ, ಶೇಂಗಾ ಹಿಂಡಿ, ಒಂದರ ಪಕ್ಕ ಒಂದು ಸುರಿದು ಮೇಲೆ ನಯವಾಗಿ ಕೈಯಾಡಿಸಿದ ಹಾಗೆ. "ಬಣ್ಣ ನನಗ ನೆನಪಿಲ್ಲ" ಎಂದರು ಸಿದ್ರಾಮಪ್ಪನವರು. "ಆದ್ರ ನಾಲಿಗಿ ಮ್ಯಾಲ ಒಂದೊಂದೇ ಬಂತ್ರಿ."

ಕಬ್ಬಿನ ಹೊಲದ ಮಾತು ಬಂದಾಗ ಗಂಗಕ್ಕನ ದನಿ ಇಳಿಯಿತು. ಅಲ್ಲಿ ಹೊಲದ ನಡುನಡುವೆ ಕರಿಕಲ್ಲಿನ ಗುಡ್ಡೆಗಳಿವೆ, ಮನೆ ಎತ್ತರದವು. ಹಿಂದೆ ನಮ್ಮ ಕಡೆಯ ಜನರನ್ನು ಕೂಲಿಗೆಂದು ಹಡಗಿನಲ್ಲಿ ಕರೆತಂದು, ಹೊಲ ಮಾಡಲು ಅವರ ಕೈಯಿಂದ ಆರಿಸಿ ಒಟ್ಟಿದ ಕಲ್ಲುಗಳು ಅವು ಎಂದು ಗೈಡ್ ಹೇಳಿದನಂತೆ. ಬಸ್ಸು ಎಳನೀರಿಗೆ ನಿಂತಾಗ ಗಂಗಕ್ಕ ಇಳಿದು ಹೋಗಿ ಗುಡ್ಡೆಯ ಒಂದು ಕಲ್ಲು ಎತ್ತಿ ನೋಡಿದ್ದರು. "ನಾನೂ ಸಣ್ಣಾಕಿದ್ದಾಗ ಮಂದಿ ಹೊಲದಾಗ ಕಲ್ಲ ಆರಿಸೇನ್ರಿ. ಉಗುರು ಸಂದಿ ಒಡದು ನೆತ್ತರ ಬರತಿತ್ತು. ತೂಕ ಅಷ್ಟೇ ಐತಿ. ಅದೇ ಕಲ್ಲ." ಮೂವತ್ತೊಂದು ವರ್ಷದಲ್ಲಿ ಈ ಮಾತನ್ನು ಅವರು ಗಂಡನಿಗೂ ಹೇಳಿರಲಿಲ್ಲವಂತೆ. ಸಿದ್ರಾಮಪ್ಪನವರು ಆಗ ಅವರ ಕೈ ಹುಡುಕಿ ಹಿಡಿದುಕೊಂಡರು.

"ಕಮರಿಗೆ ಹ್ವಾದಿರಾ?" ಎಂದು ಕೇಳಿದೆ. ಅವರ ಭಾಷೆ ನನಗೂ ಅಂಟಿತ್ತು.

ಇಬ್ಬರೂ ಒಟ್ಟಿಗೆ ನಕ್ಕರು. ಹೇಳಿದವರು ಗಂಗಕ್ಕ. ಕಮರಿಯ ಮೇಲೆ ಕಟಕಟೆ ಕಟ್ಟಿದ ಜಾಗ ಇದೆ. ಬಸ್ಸು ಅಲ್ಲಿಗೆ ಮುಟ್ಟುವುದರೊಳಗೆ ಮಂಜು ಬಂದು ಎಲ್ಲ ಮುಚ್ಚಿಬಿಟ್ಟಿತು. ಟೂರಿನ ಜನ ಎರಡು ನಿಮಿಷ ನಿಂತು, ಏನೂ ಕಾಣಿಸುತ್ತಿಲ್ಲ ಎಂದು ಗೊಣಗುತ್ತಾ ವಾಪಸು ಹತ್ತಿದರು. "ನಾನೂ ಅಂದೆ, ನಡೀರಿ, ಏನೂ ಕಾಣವಲ್ದು, ಬೆಳ್ಳಗ ಗ್ವಾಡಿ ನಿಂತೈತಿ ಅಂತ. ಇವರು ಅಲ್ಲಾಡವಲ್ರು. ನಿಂದ್ರು ಗಂಗಾ ಅಂದ್ರು. ಎಡಕ್ಕ ಕೆಳಗ ನೀರು ಬೀಳಾಕತ್ತೈತಿ, ಬಾಳ ಆಳ ಐತಿ, ಬಿದ್ದ ಮ್ಯಾಲ ಸದ್ದು ತಡಾ ಮಾಡಿ ಬರಾಕತ್ತೈತಿ ಅಂದ್ರು. ಗಾಳಿ ಕೆಳಗಿಂದ ಮ್ಯಾಲೆ ಬರತೈತಿ, ಅಂದ್ರ ನಮ್ಮ ಕಾಲ್ಬುಡಕ್ಕೇ ನೆಟ್ಟಗ ಗ್ವಾಡಿ ಐತಿ ಅಂದ್ರು. ಎದುರಿಗೆ ಇನ್ನೊಂದ್ ಗುಡ್ಡ ಐತಿ, ಹಕ್ಕಿ ದನಿ ಅದಕ್ಕ ಬಡದು ಎರಡೆರಡು ಸಲ ಬರತೈತಿ ಕೇಳು ಅಂದ್ರು. ನಾ ಕಣ್ಣ ಮುಚ್ಚಿದೆ ನೋಡ್ರಿ ಅಕ್ಕೋರ." ಹೇಳುತ್ತಲೇ ಅವರು ಮತ್ತೆ ಕಣ್ಣು ಮುಚ್ಚಿದರು. "ಬಸ್ಸಿನಾವ ಹಾರ್ನ್ ಹೊಡದೇ ಹೊಡದ. ನಾನೇ ಅಂದೆ, ಇನ್ನೂ ಸ್ವಲ್ಪ ನಿಂದ್ರೂಣು ಅಂತ."

"ಯಾವ ಹಕ್ಕಿ?" ಎಂದೆ ನಾನು.

"ಗೊತ್ತಿಲ್ರಿ. ಹಿಂಗಿತ್ತು." ಗಂಗಕ್ಕ ತುಟಿ ಮುಂದೆ ಮಾಡಿ ಸಿಳ್ಳೆ ಹಾಕಿದರು. ಮೂರು ಸ್ವರ.

"ಹಂಗಲ್ಲ" ಎಂದರು ಸಿದ್ರಾಮಪ್ಪನವರು. "ಕಡೀಕ ಒಂದ್ ಏರು ಇತ್ತು." ಅವರು ಹಾಕಿ ತೋರಿಸಿದರು.

"ಏರು ಅಲ್ರಿ, ತಗ್ಗು."

ನಾನು ಫೋನ್ ತೆಗೆದು ಆ ನಡುಗಡ್ಡೆಯ ಹಕ್ಕಿಗಳ ದನಿ ಹುಡುಕಿದೆ. ಒಂದೊಂದೇ ಹಚ್ಚಿದೆ. ಮೂವರೂ ಪರಾತದ ಮೇಲೆ ತಲೆ ಬಗ್ಗಿಸಿ ಕೇಳಿದೆವು. ಇದಲ್ಲ. ಇದೂ ಅಲ್ಲ. ಇದು ಹತ್ತಿರ ಐತಿ, ಆದ್ರ ಇದಲ್ಲ. ಆಫೀಸಿನಿಂದ ಬಂದ ಸ್ವಾತಿ ಚಪ್ಪಲಿ ಬಿಟ್ಟು, ಚೀಲ ಕೆಳಗಿಟ್ಟು, ನಮ್ಮ ಪಕ್ಕದಲ್ಲೇ ನೆಲಕ್ಕೆ ಕೂತಳು. ಸ್ವಲ್ಪ ಹೊತ್ತು ಕೇಳಿ, ಎಷ್ಟೋ ದಿನದ ಮೇಲೆ ಕನ್ನಡದಲ್ಲಿ, ತಡವರಿಸುತ್ತಾ, "ಬಾಬಾ, ಇನ್ನೊಂದ್ ಸಲ ಮಾಡಿ ತೋರಸ್ರಿ" ಎಂದಳು. ಸಿದ್ರಾಮಪ್ಪನವರು ಬೆನ್ನು ನೆಟ್ಟಗೆ ಮಾಡಿ ಕೂತು, ಉಸಿರು ತುಂಬಿಕೊಂಡರು.